ಬಸುರಿಯನ್ನು ಉಪವಾಸ ಕೆಡವಿದ ನಿಂಗಮ್ಮ

ಪಿಸುಗುಟ್ಟುವುದು ನಿಂಗಮ್ಮ ಸಿಸ್ಟರಿಗೆ ಬರುತ್ತಲೇ ಇರಲಿಲ್ಲ. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರೆ ಹೆರಿಗೆ ವಾರ್ಡೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು. ಆಕೆ ಮಾತ್ರ ತಮ್ಮೂರು ಕೆಸರೆಯ ಹೊಲದಲ್ಲಿ ನಿಂತು ಆಚೆ ಬದುವಿನವರನ್ನು ಕರೆದಂತೆ ಮಾತಾಡುತ್ತಿದ್ದರು. “ನೋಯೋದು ಅವ್ಳ್ಗೆ, ಅವ್ಳನ್ನ ಕೇಳಿ” ಎಂಬುದು ಅವರ ನಿತ್ಯದ ಮಾತು.

ಐವತ್ತರ ದಶಕದ ಕೊನೆಯಲ್ಲಿ ನಾನು ಆ ವಾರ್ಡಿಗೆ ದಾಖಲಾದಾಗ ನನಗೆ ಎಂಟು ತಿಂಗಳ ಬಸುರು. ರಕ್ತದೊತ್ತಡ ಏರಿ ಮುಖ ಊದಿಕೊಂಡಿತ್ತು. ಎರಡನೆಯ ದಿನ ಎದೆಗೂಡಿನ ಕೆಳಗೆ ಹುಟ್ಟಿದ ನೋವು ಬೆನ್ನಿಗೆ ಇರಿಯತೊಡಗಿತು. ವಾಂತಿ ನಿಲ್ಲಲೇ ಇಲ್ಲ. ಚಿಕ್ಕ ಡಾಕ್ಟರು “ಗ್ಯಾಸು” ಎಂದು ಹೊರಟರು. ನಿಂಗಮ್ಮ ಬಾಗಿಲಿಗೆ ಅಡ್ಡ ನಿಂತರು.

“ಗ್ಯಾಸಾದ್ರೆ ಬೆನ್ನಿಗ್ಯಾಕೆ ಓಯ್ತದೆ ಸಾರ್? ರಕ್ತ ಪರೀಕ್ಷೆ ಮಾಡ್ಸಿ.”

“ಡಾಕ್ಟರು ನಾನೋ ನೀನೋ?”

“ನೀವೇ. ಅದ್ಕೇ ತಾನೇ ನಿಮ್ಮನ್ನ ಕೇಳ್ತಿರೋದು.”

ರಕ್ತ ಪರೀಕ್ಷೆಯ ವರದಿ ನೋಡಿದ ದೊಡ್ಡ ಡಾಕ್ಟರು ಗಾಬರಿಯಾದರು. ಬಸುರಿನಲ್ಲಿ ರಕ್ತದೊತ್ತಡ ಅತಿಯಾದರೆ ಒಳಗಿನ ಸಣ್ಣ ರಕ್ತನಾಳಗಳು ಬಿಗಿಯುತ್ತವಂತೆ. ಅಪರೂಪಕ್ಕೆ ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಗೂ ರಕ್ತ ಸಾಲದೆ ಅದು ಬಾತುಕೊಳ್ಳುತ್ತದಂತೆ. ಅದು ತಣಿಯುವವರೆಗೆ ಬಾಯಿಗೆ ಏನೂ ಕೊಡಕೂಡದು, ಡ್ರಿಪ್ಪೇ ಗತಿ.

ಕೃಷ್ಣಮೂರ್ತಿಪುರಂನ ಮನೆಯಿಂದ ನಮ್ಮತ್ತೆ ತುಪ್ಪದನ್ನದ ಕ್ಯಾರಿಯರ್ ಹಿಡಿದು ಬಂದರು. “ಎರಡು ಜೀವಾನ ಉಪವಾಸ ಕೆಡವ್ತೀಯೇನಮ್ಮಾ?”

“ಊಂ ಕಣಮ್ಮಾ. ತುತ್ತು ಒಳಕ್ಕೋದ್ರೆ ಆ ಗ್ರಂಥಿ ರಸ ಬುಟ್ಟು ತನ್ನನ್ನೇ ಅರಗಿಸ್ಕೊಂಡ್ಬುಡ್ತದೆ. ತಂದಿದ್ದೀರಲ್ಲ, ನೀವೇ ಉಣ್ಣಿ.”

ಡ್ಯೂಟಿ ಮುಗಿದ ಮೇಲೂ ನಿಂಗಮ್ಮ ಊಟದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದರು. ಅತ್ತೆಯ ಕ್ಯಾರಿಯರ್ ಬಂದ ಹಾಗೇ ಹಿಂತಿರುಗುತ್ತಿತ್ತು.

ಅವಧಿಗೆ ಮುನ್ನವೇ ಹೆರಿಗೆಯಾಯಿತು. ನಾನು ಉಳಿದೆ, ಮಗು ಉಳಿಯಲಿಲ್ಲ. “ಹಸಿವಿನಿಂದ ಕೊಂದಳು” ಎಂದು ಅತ್ತೆ ಮೇಲಧಿಕಾರಿಗಳಿಗೆ ದೂರು ಕೊಟ್ಟರು. ನಿಂಗಮ್ಮನಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ಮುನ್ನ ನನ್ನ ಮಂಚದ ಬಳಿ ಬಂದರು.

“ನಿಮ್ ಕೂಸು ಒಟ್ಟೆಗಿಲ್ದೆ ಓಗ್ಲಿಲ್ಲ, ಪ್ರೆಷರ್ರು ತಕ್ಕೊಂಡೋಯ್ತು. ಯಾರೇನಾರ ಅನ್ಲಿ ಬುಡಿ, ನಿಮ್ಗೆ ಗೊತ್ತಿದ್ರೆ ಸಾಕು ಕಣವ್ವ.”

ಗೊತ್ತಿತ್ತು. ಆದರೂ ಅತ್ತೆಯ ಎದುರು ನಾನು ಬಾಯಿ ಬಿಡಲಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೆ ಇಂದಿಗೂ ಇದೆ.

ಮೂರು ವರ್ಷದ ಮೇಲೆ, ನೆಂಟರ ಪಂಕ್ತಿಯಲ್ಲಿ ಅತ್ತೆ ಮತ್ತೆ ಅದೇ ಮಾತು ತೆಗೆದರು. ನಾನು ಸೌಟು ಕೆಳಗಿಟ್ಟೆ. “ಅವರಿಲ್ಲದಿದ್ರೆ ನಿಮಗೆ ಬಡಿಸೋಕೆ ನಾನಿರ್ತಿರಲಿಲ್ಲ. ಇನ್ನೊಂದ್ಸಲ ಅವರನ್ನ ಕೊಲೆಗಾತಿ ಅಂದ್ರೆ ಈ ಮನೇಲಿ ನಾನಿರೋದಿಲ್ಲ.”

ಮರುದಿನವೇ ಆಸ್ಪತ್ರೆಗೆ ಹೋಗಿ ಅವರ ವಿಳಾಸ ಕೇಳಿದೆ. ನಿಂಗಮ್ಮ ಸಿಸ್ಟರ್ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು.