ಹಿಮಗನ್ನಡಕ ತರಲು ಬೆಳಗಾವಿಗೆ

ಖಾನಾಪುರದಿಂದ ಬೆಳಗಾವಿಗೆ ಇಪ್ಪತ್ತಾರು ಕಿಲೋಮೀಟರು. ಹಿಮದ ಮೇಲೆ ಜಾರುವಾಗ ಹಾಕುವ ಕನ್ನಡಕ ಕೊಳ್ಳಲು ನಮಗಿಂತ ಮೊದಲು ಈ ದಾರಿಯಲ್ಲಿ ಯಾರೂ ಬಸ್ಸು ಹತ್ತಿರಲಿಕ್ಕಿಲ್ಲ. ಎಂಬತ್ತರ ದಶಕದ ಆರಂಭ, ಡಿಸೆಂಬರ್ ತಿಂಗಳು. ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಮುಸುಕಿ ಜಿಟಿಜಿಟಿ ಹಿಡಿದಿತ್ತು. ಬಸ್ಸಿನಲ್ಲಿ ನಾವು ಮೂವರು: ಅಪ್ಪ, ತಂಗಿ ಕಸ್ತೂರಿ, ಮತ್ತು ಪ್ರಾಥಮಿಕ ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದ ಮಾಸ್ತರಿಣಿ ನಾನು. ಟಿಕೀಟು ತಲೆಗೆ ಎರಡೂವರೆ ರೂಪಾಯಿ. ಕಿಟಕಿಗೆ ಗಾಜಿರಲಿಲ್ಲ, ಎರಚಲಿಗೆ ನನ್ನ ಸೀರೆಯ ಒಂದು ಮಗ್ಗುಲು ಪೂರಾ ತೊಯ್ದುಹೋಯಿತು.

ಕಸ್ತೂರಿ ಬೆಳಗಾವಿಯ ಕಾಲೇಜಿನಲ್ಲಿ ಓದುತ್ತಿದ್ದಳು. ಚಾರಣದ ತಂಡವೊಂದರ ಜೊತೆ ಗುಲ್ಮಾರ್ಗಕ್ಕೆ ಹೋಗಿ ಸ್ಕೀಯಿಂಗ್ ಕಲಿಯಲು ಅವಳ ಹೆಸರು ಬಂದಿತ್ತು. ಹಿಮದ ಬಿಳುಪು ಕಣ್ಣು ತೆಗೆಯುತ್ತದೆ ಎಂದು ಯಾರೋ ಹೇಳಿದ್ದೇ ತಡ, ಅವ್ವ ಅತ್ತು ರಂಪ ಮಾಡಿದಳು. ಕಡೆಗೆ ಒಂದು ಷರತ್ತು ಹಾಕಿದಳು. ಅಪ್ಪ ತಾನೇ ನೋಡಿ ಹೂಂ ಅಂದ ಕನ್ನಡಕ ತಂದರೆ ಹೋಗಬಹುದು, ಇಲ್ಲದಿದ್ದರೆ ಮನೆಯಲ್ಲಿರಬೇಕು.

ಅಪ್ಪನಿಗೆ ಈ ಅಧಿಕಾರ ಸುಮ್ಮನೆ ಬಂದದ್ದಲ್ಲ. ಅವನು ಹಂಚಿನ ಕಾರ್ಖಾನೆಯಲ್ಲಿ ಆಯುಷ್ಯವಿಡೀ ಭಟ್ಟಿ ಕಾದವನು. ಕಿಂಡಿಗೆ ಕಣ್ಣಿಟ್ಟು ಬೆಂಕಿಯ ಬಣ್ಣ ನೋಡಿ ಹಂಚು ಬೆಂದಿತೋ ಇಲ್ಲವೋ ಹೇಳುವುದು ಅವನ ಕೆಲಸ. ಅದಕ್ಕೆಂದು ಭಟ್ಟಿಯವರು ಮಸಿ ಹಿಡಿಸಿದ ಗಾಜಿನ ಚೂರು ಇಟ್ಟುಕೊಳ್ಳುತ್ತಿದ್ದರು. ಹೊಸ ಚೂರನ್ನು ಉರಿಗೆ ಹಿಡಿದು ನೋಡಿಯೇ ಆರಿಸುತ್ತಿದ್ದರು. ಬೆಳಕು ನುಂಗಿದರೆ ಅದು ಒಳ್ಳೆಯ ಗಾಜು, ಅಪ್ಪನ ಶಾಸ್ತ್ರ ಇಷ್ಟೇ.

ಕಸ್ತೂರಿಯ ಶಾಸ್ತ್ರ ಬೇರೆ. ಮೋಡದ ದಿನ ಹಿಮದ ಉಬ್ಬುತಗ್ಗು ಕಾಣಬೇಕಾದರೆ ತಿಳಿ ಹಳದಿಯದೇ ಬೇಕು, ಕಪ್ಪು ಹಾಕಿಕೊಂಡರೆ ತಗ್ಗು ಕಾಣದೆ ಕಾಲು ಮುರಿದುಕೊಳ್ಳುತ್ತೀರಿ ಎಂದು ಕಲಿಸುವವರು ಹೇಳಿದ್ದರಂತೆ. ಹಳದಿ ಅಂದರೆ ಹುಡುಗರ ಆಟಿಕೆ ಎಂದು ಅಪ್ಪ ದಾರಿಯುದ್ದಕ್ಕೂ ಅವಳ ಬಾಯಿ ಮುಚ್ಚಿಸಿದ. ಬೆಳಗಾವಿ ಬರುವ ಹೊತ್ತಿಗೆ ಅವಳ ಮುಖ ಆಕಾಶದಷ್ಟೇ ಕಪ್ಪಿಟ್ಟಿತ್ತು.

ಖಡೇಬಜಾರಿನಲ್ಲಿ ಮಿಸಳ ತಿಂದು ಅಂಗಡಿ ಅಲೆಯತೊಡಗಿದೆವು. ಮೊದಲ ಅಂಗಡಿಯವನು ತೋರಿಸಿದ್ದು ಮೋಟಾರುಸೈಕಲ್ಲಿನವರ ಅಗ್ಗದ ಕನ್ನಡಕ. ಕಸ್ತೂರಿ ಒಮ್ಮೆ ಉಸಿರು ಬಿಟ್ಟದ್ದಕ್ಕೇ ಅದು ಮಂಜಾಯಿತು. ಎರಡನೆಯವನಲ್ಲಿ ಗೋವಾ ಕಡೆಯಿಂದ ಬಂದ ಫಾರಿನ್ ಮಾಲು ಇತ್ತು. ಬೆಲೆ ಕೇಳಿ ಮೆಲ್ಲಗೆ ಇದ್ದಲ್ಲೇ ಇಟ್ಟೆವು.

ಕ್ಯಾಂಪಿನಲ್ಲಿ ಮಿಲಿಟರಿಯವರಿಗೆ ಸಾಮಾನು ಮಾರುವ ಮುದುಕನೊಬ್ಬನ ಬಳಿ ನಡುದರದ ಎರಡು ಸಿಕ್ಕವು. ಎರಡಕ್ಕೂ ಒಂದೇ ಬೆಲೆ. ಗಾಜಿನದು ಬೇಡ, ಬಿದ್ದರೆ ಚೂರು ಕಣ್ಣಿಗೇ ಹೋಗುತ್ತದೆ, ಇದು ಎರಡು ಪದರಿನ ಪ್ಲಾಸ್ಟಿಕ್ ಎಂದು ಅವನೇ ತಿಳಿಸಿ ಹೇಳಿದ. ಮುಖಕ್ಕೆ ಒತ್ತುವ ಕಡೆ ಸ್ಪಂಜು, ಉಸಿರಿನ ಹಬೆ ಹೋಗಲು ಮೇಲೆ ಸಣ್ಣ ತೂತುಗಳು. ಒಂದು ಕಡು ಕಂದು, ಇನ್ನೊಂದು ಹಳದಿ.

ಅಪ್ಪ ಒಂದನ್ನು ಎತ್ತಿಕೊಂಡ. ಧೋತರದ ಚುಂಗಿನಿಂದ ಒರೆಸಿ, ಒಂದು ಕಣ್ಣು ಮುಚ್ಚಿ, ಉರಿಯುವ ಬಲ್ಬಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಇದು ನೋಡ್ರಿ ಖರೇ ಮಾಲು. ಒಂದು ಚೂರೂ ಬೆಳಕ ಬಿಡೂದಿಲ್ಲ. ಇದನ್ನ ಕಟ್ರಿ.”

ಅವನ ಕೈಯಲ್ಲಿದ್ದದ್ದು ಹಳದಿಯದು. ಬಲ್ಬಿನ ಬೆಳಕು ಅದರೊಳಗಿಂದ ಹಾದು ಅವನ ಮುಖಕ್ಕೆಲ್ಲ ಅರಿಸಿನ ಹಚ್ಚಿದಂತೆ ಬಿದ್ದಿತ್ತು.

ಚೇಷ್ಟೆ ಮಾಡುವ ಜಾಯಮಾನ ಅಪ್ಪನದಲ್ಲ. ಅಂಗಡಿಯವನು ಅವನನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಮಾತಿಲ್ಲದೆ ಕಾಗದದಲ್ಲಿ ಕಟ್ಟಿದ. ಬರೀ ಸುಳ್ಳು ಬರೆಯುತ್ತಾರೆ ಎಂದು ಅಪ್ಪ ಪತ್ರಿಕೆ ಓದುವುದು ಬಿಟ್ಟದ್ದು, ತಾಟಿನಲ್ಲಿ ಏನು ಬಡಿಸಿದ್ದೀರಿ ಎಂದು ಕೇಳಿಯೇ ಕೈ ಹಾಕುತ್ತಿದ್ದದ್ದು, ಎಲ್ಲ ಒಟ್ಟಿಗೇ ಅರ್ಥವಾಯಿತು. ಕಸ್ತೂರಿಗೆ ಬೇಕಾದ ಕನ್ನಡಕವೇ ಸಿಕ್ಕಿತ್ತು. ಪೊಟ್ಟಣ ಹಿಡಿದು ಬೀದಿಯಲ್ಲಿ ಅವಳು ಅಳುತ್ತಲೇ ನಡೆದಳು.

ಸಂಜೆಯ ಪ್ಯಾಸೆಂಜರ್ ರೈಲು ಹಿಡಿದೆವು. ದೇಸೂರು ದಾಟಿದ ಮೇಲೆ ಕಸ್ತೂರಿ ತಡೆಯಲಾರದೆ ಬಾಯಿಬಿಟ್ಟಳು.

“ಅಪ್ಪಾ, ಅದು ಹಳದಿ ಐತಿ.”

“ಗೊತ್ತಾತು,” ಅಂದ ಅಪ್ಪ. “ಅಂಗಡ್ಯಾಂವ ಒಮ್ಮೆಲೆ ಸುಮ್ಮನಾದನಲ್ಲ, ಆವಾಗ.”

ಆಮೇಲೆ ತಾನೇ ಹೇಳಿದ. ಹಗಲಿನ ಬೆಳಕು, ಮನುಷ್ಯರ ನೆರಳು ಇಷ್ಟು ತಿಳಿಯುತ್ತದಂತೆ, ದೀಪದ ಬೆಳಕೂ ಬಣ್ಣವೂ ಪೂರಾ ಹೋಗಿವೆಯಂತೆ. ಮದುವೆಗೆಂದು ಸುಳ್ಳು ಹೇಳಿ ಹುಬ್ಬಳ್ಳಿಗೆ ಹೋದಾಗ ಡಾಕ್ಟರಿಗೆ ತೋರಿಸಿದ್ದನಂತೆ. ಕಣ್ಣಿನ ಹಿಂದಿನ ಪರದೆಯೇ ಕೆಟ್ಟಿದೆ, ಆಪರೇಶನ್ನಿನಿಂದ ಆಗುವಂಥದ್ದಲ್ಲ ಎಂದರಂತೆ. ಅವ್ವನಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ, ಅದೊಂದೇ ಅವನ ಚಿಂತೆ. ನನಗೆ ಸಿಟ್ಟು ಬಂತು, ಸಂಕಟವೂ ಆಯಿತು.

ಕಸ್ತೂರಿ ತಾನು ಎಲ್ಲಿಗೂ ಹೋಗುವುದಿಲ್ಲ ಅಂದಳು.

“ಹೋಗಲಿಲ್ಲಂದ್ರ ಯಾಕ ಹೋಗಲಿಲ್ಲಂತ ನಿಮ್ಮವ್ವ ಕೇಳತಾಳ,” ಅಂದ ಅಪ್ಪ. “ನಾ ಏನ ಹೇಳ್ಲಿ? ಹೋಗಿ ಬಾ.”

ಖಾನಾಪುರದಲ್ಲಿ ಮಳೆ ಇನ್ನೂ ನಿಂತಿರಲಿಲ್ಲ. ಮನೆ ಮುಟ್ಟಿದ ಕೂಡಲೇ ಅವ್ವ ಪೊಟ್ಟಣ ಬಿಚ್ಚಿ, ಕನ್ನಡಕವನ್ನು ದೀಪದ ಬಳಿ ಒಯ್ದು ತಿರುಗಿಸಿ ನೋಡಿದಳು. ಕಪ್ಪು ತರುತ್ತೇನೆಂದು ಹೋದವರು ಹಳದಿಯನ್ನೇಕೆ ತಂದಿರಿ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಗೋಡೆಗೆ ಒರಗಿ ಕುಳಿತಿದ್ದ. ಕಸ್ತೂರಿಯೇ ಮುಂದೆ ಬಂದು ಅವ್ವನ ಕೈಯಿಂದ ಕನ್ನಡಕ ತೆಗೆದುಕೊಂಡಳು.

“ಅಪ್ಪನs ಕಣ್ಣಾರೆ ನೋಡಿ ಆರಿಸ್ಯಾನ, ಅವ್ವಾ,” ಅಂದಳು.