ಲಿಂ. ಗೌರವ್ವ

ಆಗ ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಸೀನುತ್ತಿತ್ತು. ಮೆಣಸಿನಕಾಯಿ ಚೀಲಗಳು ಪೇಟೆ ತುಂಬಿ, ನಮ್ಮ ಅಂಗಡಿ ತುಂಬಿ, ಕೊನೆಗೆ ಮನೆಯ ಪಡಸಾಲೆಗೂ ಬಂದು ಕೂರುತ್ತಿದ್ದವು. ಊಟದ ತಾಟಿನಲ್ಲಿ, ಹಾಸಿಗೆಯಲ್ಲಿ, ಪಾಟಿಚೀಲದಲ್ಲಿ ಅದೇ ಘಾಟು. ಚೀಲಗಳ ಸಂದಿಯಲ್ಲಿ ನಾವು ಕಣ್ಣುಮುಚ್ಚಾಲೆ ಆಡುತ್ತಿದ್ದೆವು; ಅಡಗಿದವರು ತಾವಾಗಿಯೇ ಸೀನಿ ಸಿಕ್ಕಿಬೀಳುತ್ತಿದ್ದರು. ತೊಂಬತ್ತರ ದಶಕದ ಅಂಥದೊಂದು ಸುಗ್ಗಿಯಲ್ಲಿ, ಏಳನೆಯ ಇಯತ್ತೆಯಲ್ಲಿದ್ದ ನಾನು, ಬದುಕಿದ್ದ ನನ್ನ ಸೋದರತ್ತೆಯನ್ನು ಸಾಯಿಸಿದೆ. ಇದನ್ನು ಇನ್ನೂ ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ.

ಶಾಲೆಯಲ್ಲಿ ಪ್ರದರ್ಶನವಿತ್ತು. ಚಿತ್ರಕಲೆಯ ಮಾಸ್ತರರು ಈ ಸಲ ಬಣ್ಣದ ಪೆಟ್ಟಿಗೆ ತರಬೇಡಿ ಎಂದರು. "ನಿಮ್ಮ ನಿಮ್ಮ ಮನಿತನಾ ಒಂದೊಂದು ಮೂಲ್ಯಾಗ ನಿಲ್ಲಸ್ರಿ. ಹಳೇ ಸಾಮಾನು ತರ್ರಿ. ನೋಡಾಕ ಬಂದಾವ್ರು ನಿಮ್ಮ ಮನಿಯೊಳಗ ಬಂದಂಗ ಆಗಬೇಕು." ಸಾಮಾನು ಜೋಡಿಸುವುದೂ ಒಂದು ಕಲೆ ಎಂದು ನಾವು ಕೇಳಿದ್ದು ಅದೇ ಮೊದಲು.

ನಾನು ಖಾಲಿ ಗೋಣಿಚೀಲಗಳನ್ನು ಬಿಚ್ಚಿ, ಹಗ್ಗಕ್ಕೆ ನೇತುಹಾಕಿ, ವರ್ಗದ ಮೂಲೆಯಲ್ಲಿ ಒಂದು ಕೋಣೆ ಮಾಡಿದೆ. ನೆಲಕ್ಕೆ ಮೆಣಸಿನಕಾಯಿ ಹರವಿದೆ. ಮೇಲಿನ ಬಿದಿರಿನಿಂದ ನಮ್ಮ ಅಟ್ಟದ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಇಳಿಬಿಟ್ಟೆ. ಒಂದೊಂದರ ಮೇಲೂ ಯಾರದೋ ಮದುವೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಸರಿತ್ತು. ಆ ಹೆಸರು, ಅವರು ನನಗೆ ಏನಾಗಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಕೆಳಗೆ ಕಟ್ಟಿದೆ. ಬದುಕಿದ್ದವರ ಚೀಟಿಗೆ ಕುಂಕುಮ. ತೀರಿಕೊಂಡವರ ಹೆಸರಿನ ಮೊದಲು, ನಮ್ಮ ಮಂದಿಯ ಪದ್ಧತಿಯಂತೆ, ಲಿಂಗೈಕ್ಯ ಎಂಬುದಕ್ಕೆ ‘ಲಿಂ.’ ಎಂದು ಬರೆದು ಚೆಂಡುಹೂವಿನ ಮಾಲೆ ಹಾಕಿದೆ.

ಒಂದು ತಂಬಿಗೆಯ ಮೇಲೆ ‘ಚಿ. ಸೌ. ಗೌರವ್ವ’ ಎಂದಿತ್ತು. ನಮ್ಮ ಮನೆಯಲ್ಲಿ ಆ ಹೆಸರಿನವರನ್ನು ನಾನು ಕಂಡಿರಲಿಲ್ಲ. ಚೀಲದ ಬಾಯಿ ಹೊಲಿಯುತ್ತಿದ್ದ ಅಪ್ಪನನ್ನು ಕೇಳಿದೆ.

"ಗೌರವ್ವ ಅಂದ್ರ ಯಾರಪ್ಪಾ?"

"ನನ್ನ ತಂಗಿ."

"ಎಲ್ಲಿ ಅದಾಳ?"

ಅಪ್ಪನ ಕೈಯಲ್ಲಿದ್ದ ದಬ್ಬಣ ನಿಂತಿತು. "ನಮ್ಮ ಪಾಲಿಗೆ ಅಕಿ ಸತ್ತಾಳ. ಹೋಗು."

ನಡೆದದ್ದು ಇಷ್ಟು, ನನಗೆ ಆಮೇಲೆ ತಿಳಿದದ್ದು: ಅಜ್ಜ ತೀರಿಕೊಂಡಾಗ ಹೊಲವೆಲ್ಲ ಅಪ್ಪನ ಹೆಸರಿಗಾಗಲು ತಂಗಿಯ ಸಹಿ ಬೇಕಿತ್ತು. ಗೌರವ್ವತ್ತೆ ಸಹಿ ಹಾಕಲಿಲ್ಲ, ನನ್ನ ಪಾಲು ಕೊಡು ಎಂದಳು. ಆಗ ನನಗೆ ಮೂರು ವರ್ಷ. ಅಂದಿನಿಂದ ಆಕೆಗೆ ತವರಿನ ಬಾಗಿಲು ಮುಚ್ಚಿತು, ಹೆಸರು ಹೇಳುವುದೂ ನಿಂತಿತು. ಪಾಲು ಕೇಳಿದವಳು ಪಾಲಿಗೆ ಸತ್ತಳು. ಹನ್ನೆರಡು ವರ್ಷದ ನನಗೆ ‘ಸತ್ತಾಳ’ ಎಂಬುದೊಂದೇ ಕೇಳಿಸಿತು. ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು ಕೇಳಬಹುದಿತ್ತು. ಸತ್ತ ಮಗಳ ನೆನಪು ತೆಗೆದರೆ ಅಳುತ್ತಾಳೆಂದು ಕೇಳಲಿಲ್ಲ. ದೊಡ್ಡ ಶಾಣ್ಯಾತನ ಮಾಡಿದೆ ಅಂದುಕೊಂಡಿದ್ದೆ. ‘ಲಿಂ. ಗೌರವ್ವ, ಸೋದರತ್ತೆ’ ಎಂದು ದುಂಡಗೆ ಬರೆದು, ಪಾಪ ಸಣ್ಣ ವಯಸ್ಸಿನಲ್ಲೇ ಹೋದಳಲ್ಲ ಎಂದು ಎಲ್ಲಕ್ಕಿಂತ ದೊಡ್ಡ ಮಾಲೆ ಹಾಕಿದೆ. ಮೇಲೆ ತಂಬಿಗೆ ಆಕೆಯನ್ನು ಚಿರಂಜೀವಿ ಎನ್ನುತ್ತಿತ್ತು, ಕೆಳಗೆ ನನ್ನ ಚೀಟಿ ಮಣ್ಣು ಮಾಡಿತ್ತು.

ಇತ್ತ ಆಯಿ ತನ್ನದೇ ಒಂದು ಹಂಚಿಕೆ ಹಾಕಿದ್ದಳು. ಗೌರವ್ವತ್ತೆಯನ್ನು ಕೊಟ್ಟಿದ್ದ ರಾಣೇಬೆನ್ನೂರು ಏನು ದೂರ? ಆದರೂ ಒಂಬತ್ತು ವರ್ಷ ಆಕೆ ಮಗಳ ಮುಖ ನೋಡಿರಲಿಲ್ಲ. ಬಳೆ ಮಾರುವ ಫಾತಿಮಾ ಖಾಲಾಳ ಕೈಯಲ್ಲಿ ಗುಟ್ಟಾಗಿ ಹೇಳಿಕಳಿಸಿದ್ದಳು: ಪ್ರದರ್ಶನದ ದಿನ ಮಧ್ಯಾಹ್ನ ಶಾಲೆಗೆ ಬಾ, ಮೊಮ್ಮಗಳು ಗೋಣಿಚೀಲದ ಕೋಣೆ ಕಟ್ಟಿದ್ದಾಳೆ, ಅದರೊಳಗೆ ಕೂತರೆ ಯಾರಿಗೂ ಕಾಣುವುದಿಲ್ಲ. ನಾನು ಬಹುಮಾನಕ್ಕೆ ಕಟ್ಟಿದ ಕೋಣೆಯೇ ತಾಯಿ ಮಗಳು ಸೇರಲು ಉಳಿದಿದ್ದ ಒಂದೇ ಜಾಗವಾಗಿತ್ತು. ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಆಯಿ ನನಗೆ ಹೇಳಿರಲಿಲ್ಲ.

ಅತ್ತೆಗೆ ಮಧ್ಯಾಹ್ನದವರೆಗೆ ತಡೆಯಲಾಗಲಿಲ್ಲವೇನೋ, ಬೆಳಗಿನ ಬಸ್ಸಿಗೇ ಬಂದುಬಿಟ್ಟಳು. ಯಾರೆಂದು ನನಗೆ ಗೊತ್ತಾಗಲಿಲ್ಲ. ಹಸಿರು ಇಳಕಲ್ ಸೀರೆ, ಕಂಕುಳಲ್ಲಿ ಬುತ್ತಿಗಂಟು. ಒಳಗೆ ಬಂದವರೆಲ್ಲ ಸೀನಿ, ಕಣ್ಣೊರೆಸಿಕೊಂಡು, ನಗುತ್ತ ಹೊರಗೋಡುತ್ತಿದ್ದರು. ಈಕೆ ತಂಬಿಗೆಯ ಮುಂದೆ ನಿಂತೇಬಿಟ್ಟಳು.

"ಇಕಿ ಯಾರವಾ?"

"ನಮ್ಮತ್ತಿರೀ. ತೀರ್ಕೊಂಡಾರ್ರಿ."

"ಏನಾಗಿತ್ತು?"

ಗೊತ್ತಿಲ್ಲ ಎನ್ನಬಹುದಿತ್ತು. ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಬಹುಮಾನವಿಲ್ಲ ಎಂದು ಮಾಸ್ತರರು ಹೇಳಿದ್ದರು. "ಜ್ವರಾ ಬಂದಿತ್ತಂತ್ರಿ," ಅಂದೆ.

"ಅವರವ್ವ ಅತ್ತಳೇನು?"

"ಭಾಳ ಅತ್ತಳಂತ್ರಿ. ಈಗ ಸಮಾಧಾನ ಆಗೇತ್ರಿ."

"ಮಣ್ಣಿಗೆ ಅವರಣ್ಣ ಹೋಗಿದ್ನೇನು?"

"ಹೂಂನ್ರಿ. ಮುಂದ ನಿಂತು ಎಲ್ಲಾ ಅವರ ಮಾಡಿದ್ರಂತ್ರಿ."

ಅಷ್ಟು ಘಾಟಿನಲ್ಲೂ ಆಕೆಯ ಕಣ್ಣಲ್ಲಿ ನೀರಿರಲಿಲ್ಲ. ವಾರೆಯಾಗಿದ್ದ ಚೀಟಿಯನ್ನು ನೆಟ್ಟಗೆ ಮಾಡಿದಳು, ನನ್ನ ಗಲ್ಲ ಮುಟ್ಟಿದಳು, ಬುತ್ತಿಗಂಟಿನ ಸಮೇತ ಹೊರಟುಹೋದಳು.

ಮಧ್ಯಾಹ್ನ ಅಪ್ಪ ಆಯಿಯನ್ನು ಕರೆದುಕೊಂಡು ಬಂದ. ಚೀಟಿಗಳನ್ನೆಲ್ಲ ಓದಿದ. ಅದನ್ನೂ ಓದಿದ. "ಅಕ್ಷರ ಛಲೋ ಬರದೀ," ಅಂದ. ತೆಗೆ ಅನ್ನಲಿಲ್ಲ. ಅಂದು ನನಗೆ ಹಿಗ್ಗೋ ಹಿಗ್ಗು. ಇಂದು ಅಪ್ಪನನ್ನು ಎಲ್ಲಕ್ಕೂ ಕ್ಷಮಿಸಬಲ್ಲೆ, ಆ ಶಾಬಾಸ್‌ಗಿರಿಗೆ ಮಾತ್ರ ಆಗದು.

ಅಪ್ಪ ಅಂಗಡಿಗೆ ಹೋದ ಮೇಲೂ ಆಯಿ ಗೋಣಿಚೀಲದ ಕೋಣೆಯಲ್ಲಿ ಕುಳಿತೇ ಇದ್ದಳು. ಪ್ರತಿ ಸಲ ಚೀಲ ಸರಿದಾಗಲೂ ಕತ್ತೆತ್ತಿ ನೋಡುತ್ತಿದ್ದಳು. ನಮಗೆ ಮೊದಲ ಬಹುಮಾನ ಬಂತು. ಹಿರಿಯರನ್ನು ಹೀಗೆ ನೆನೆಯಬೇಕು ಎಂದು ಬಂದ ಅತಿಥಿಗಳು ಹೊಗಳಿದರು. ಎಲ್ಲರೂ ಹೋದ ಮೇಲೆ ಆಯಿ ಕೇಳಿದಳು.

"ಮುಂಜಾನಿ ಯಾರರ ಬಂದಿದ್ರೇನು?"

"ಒಬ್ಬಾಕಿ ಬಂದಿದ್ಲು. ಹಸರು ಸೀರಿ. ಈ ತಂಬಗಿ ನೋಡಿ ಅತ್ತಿ ಸುದ್ದಿ ಕೇಳಿದ್ಲು."

ಆಯಿಗೆ ಓದಲು ಬರುತ್ತಿರಲಿಲ್ಲ. "ಅದರಾಗ ಏನು ಬರದೀ?"

ಓದಿದೆ. ಇನ್ನೊಮ್ಮೆ ಓದು ಅಂದಳು. ಓದಿದೆ.

"ಅಕಿ ಜೀವಂತ ಅದಾಳ," ಅಂದಳು ಆಯಿ. "ನನ್ನ ನೋಡಾಕ ಬಂದಿದ್ಲು." ಚೀಟಿಯ ಮೇಲೆ ಬೆರಳಾಡಿಸಿ, "ನನ್ನನ್ನ ಒಂದು ಮಾತು ಕೇಳಬಾರದಿತ್ತೇನ ಯವ್ವಾ?" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಖಾಲಾ ಮೂರು ಸಲ ಹೇಳಿಬಂದಳು, ಅದು ಹುಡುಗಿಯ ತಪ್ಪು, ನಿನ್ನ ಅವ್ವನದಲ್ಲ ಎಂದು. ಅತ್ತೆ ಬರಲಿಲ್ಲ. ಹುಡುಗಿಗೆ ಅದನ್ನು ಕಲಿಸಿದವರು ಯಾರು ಎಂದು ಕೇಳಿದಳಂತೆ. ಎರಡು ವರ್ಷಕ್ಕೆ ಆಯಿ ತೀರಿಕೊಂಡಳು. ಆಗ ಅಪ್ಪನೇ ಆಳು ಕಳಿಸಿದ. ಆಳು ಒಬ್ಬನೇ ತಿರುಗಿ ಬಂದ. "ಸತ್ತಾಕಿ ಮಣ್ಣಿಗೆ ಹೆಂಗ ಬರ್ತಾಳ ಅಂತ ಕೇಳು ಅಂದ್ರು," ಎಂದು ಅಪ್ಪನ ಮುಂದೆ ತಲೆ ತಗ್ಗಿಸಿ ಹೇಳಿದ.

ಈಗ ಅಪ್ಪನೂ ಇಲ್ಲ, ನನ್ನ ಅವ್ವನೂ ಇಲ್ಲ. ಇಷ್ಟು ಜಗಳಕ್ಕೆ ಕಾರಣವಾದ ಹೊಲದಲ್ಲಿ ಯಾರದೋ ಮನೆಗಳು ಎದ್ದಿವೆ. ನನ್ನನ್ನು ‘ಏ ಹುಡುಗಿ, ಬಾ ಇಲ್ಲಿ’ ಎಂದು ಕರೆಯುವ ಹಕ್ಕಿದ್ದವರಲ್ಲಿ ಉಳಿದಿರುವುದು ರಾಣೇಬೆನ್ನೂರಿನ ಅತ್ತೆಯೊಬ್ಬಳೇ. ವರ್ಷಕ್ಕೆರಡು ಸಲ ಹೋಗುತ್ತೇನೆ. ಆಕೆ ಬಾಗಿಲು ಹಾಕುವುದಿಲ್ಲ. ಶೇಂಗಾ ಹೋಳಿಗೆ ಮಾಡುತ್ತಾಳೆ, ನನ್ನ ಮಕ್ಕಳ ಬಗ್ಗೆ ಕೇಳುತ್ತಾಳೆ. ಆ ದಿನದ ಮಾತೆತ್ತಿದರೆ, "ಸಣ್ಣಾವ್ರಿದ್ರಿ, ಬಿಡ್ರಿ," ಎನ್ನುತ್ತಾಳೆ. ಬರ್ರಿ, ಕುಂದ್ರಿ, ಚಹಾ ತಗೋರಿ.

ಹೋದ ಸಲ ಹೇಳಿಯೇಬಿಟ್ಟೆ. "ಅತ್ತೀ, ನನಗ ರೀ ಹಚ್ಚಬ್ಯಾಡ. ನಾ ನಿನ್ನ ಅಣ್ಣನ ಮಗಳು."

"ಹೊರಗಿನವ್ರಿಗೆ ಹಂಗ ಅನ್ನೂದು ನನಗ ರೂಢಿ ಐತ್ರಿ," ಅಂದು, ಚಹಾದ ಬಸಿಯನ್ನು ನನ್ನ ಕಡೆಗೆ ಸರಿಸಿದಳು.