ಸೀರೆಯ ಜೋಲಿಯಲ್ಲಿ ಇಳಿದ ನಾಯಿ

ನಾಯಿ ನನಗೆ ಸಿಕ್ಕಿದ್ದು ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ, ಎಂ.ಎಸ್. ಓದಿನ ಕೊನೆಯ ಸೆಮಿಸ್ಟರ್‌ನಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಒಂದು ಹಳೆಯ ವ್ಯಾನಿನ ಕೆಳಗೆ ಮೂರು ದಿನ ಮಲಗಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ಕಂದು ಬಣ್ಣದ ಹೆಣ್ಣುನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡಿತ್ತು. ಆಗ ಮರಿ ಎಂದು ಕರೆದೆ. ಅದು ಬೆಳೆದು ಇಪ್ಪತ್ತೆಂಟು ಕಿಲೋ ಆದ ಮೇಲೂ ಮರಿ ಎಂದೇ ಕರೆಯುತ್ತಿದ್ದೆ.

ಓದು ಮುಗಿದು ಹೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಮೈಸೂರಿನಲ್ಲಿ ನಮ್ಮ ಮನೆಯ ತಾರಸಿ ಹತ್ತಿದರೆ ಬೆಟ್ಟ ಕಾಣುತ್ತಿತ್ತು. ಹೂಸ್ಟನ್ ಸುತ್ತಮುತ್ತ ಎತ್ತರದ ಜಾಗವೆಂದರೆ ಫ್ಲೈಓವರ್‌ಗಳು ಮಾತ್ರ. ಮೊದಲ ವರ್ಷದ ರಜೆಯಲ್ಲಿ ನಾಯಿಯನ್ನು ಕಾರಿಗೆ ಹತ್ತಿಸಿಕೊಂಡು ಕೊಲೊರಾಡೋಗೆ ಹೋದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾದಲ್ಲಿ ಸ್ಲೈಡ್ ಫಿಲ್ಮ್ ಹಾಕಿ ಚಿತ್ರ ತೆಗೆದೆ. ಮರುವರ್ಷವೂ ಹೋದೆ. ನಾಯಿಯೊಂದಿಗೆ ಒಬ್ಬಳೇ ಅಷ್ಟು ದೂರ ಡ್ರೈವ್ ಮಾಡುವ ಹುಡುಗಿ ಎಂದು ಕನ್ನಡದವರ ನಡುವೆ ಸುದ್ದಿಯಾಯಿತು.

ಆ ಸುದ್ದಿ ಹಿಡಿದು, ಅದುವರೆಗೆ ಪರಿಚಯವಿಲ್ಲದ ಆಂಟಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಕನ್ನಡ ಸಂಘದ ಯುಗಾದಿ ಊಟದ ದಿನ, ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ವಿಜಾಪುರದ ಕಡೆಯವರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಆಗಿ ದುಡಿದು ಆಗಷ್ಟೇ ರಿಟೈರ್ ಆಗಿದ್ದರು. ಮನೆ ಹೂಸ್ಟನ್ನಿನ ಇನ್ನೊಂದು ತುದಿಯ ಸೈಪ್ರೆಸ್‌ನಲ್ಲಿ.

“ನೀನೇ ಅಲ್ಲಾ, ನಾಯಿ ಕರ್ಕೊಂಡು ಗುಡ್ಡಕ್ಕ ಹೋಗೂ ಹುಡುಗಿ?”

“ಹೌದು ಆಂಟಿ.”

“ಮುಂದಿನ ಸಲ ನನ್ನೂ ಕರ್ಕೊಂಡು ಹೋಗ್ತಿಯೇನು? ನನ್ನ ಹತ್ರ ದೊಡ್ಡ ಕ್ಯಾಮೆರಾ ಅದ. ನಮ್ಮನ್ಯಾಗ ಯಾರಿಗೂ ಗುಡ್ಡ ಬೇಕಾಗಿಲ್ಲ. ಆದ್ರ ಒಂದ್ ಮಾತು. ನಾಯಿ ಹಿಂದ ಇರಬೇಕು. ನನ್ನ ಹತ್ರ ಬರಬಾರ್ದು.”

ಸೆಪ್ಟೆಂಬರ್ ಕೊನೆಯಲ್ಲಿ ಹೊರಟೆವು. ಆಸ್ಪೆನ್ ಮರಗಳ ಎಲೆ ಹಳದಿಯಾಗುವುದು ಆಗಲೇ, ಅದೂ ಹತ್ತು ದಿನದ ಮಟ್ಟಿಗೆ. ಆಂಟಿಯ ಗಂಡ, ಅಂಕಲ್, ನಮ್ಮ ಸಾಮಾನನ್ನು ಕಾರಿಗೆ ತುಂಬಿಸುತ್ತಾ, “ಆಕಿ ಹಟ ಹಿಡಿದ್ರ ಮುಗೀತು. ನೀ ಹುಷಾರಾಗಿ ಡ್ರೈವ್ ಮಾಡವ್ವಾ” ಎಂದರು. ಆಂಟಿಯ ಸಾಮಾನಿನಲ್ಲಿ ಕ್ಯಾಮೆರಾ, ಭಾರದ ಟ್ರೈಪಾಡ್, ಅವಲಕ್ಕಿ ಚೂಡಾದ ಡಬ್ಬಿ, ಒಂದು ಹಳೆಯ ಇಳಕಲ್ ಸೀರೆ ಇದ್ದವು. ಸೀರೆ ಉಡುವುದಕ್ಕಲ್ಲ. ಪ್ಯಾಂಟ್ ಹಾಕಿಕೊಂಡೇ ಬಂದಿದ್ದರು. ಬಿಸಿಲಿಗೆ ಕ್ಯಾಮೆರಾದ ಮೇಲೆ ಹೊದಿಸಲು, ಒದ್ದೆ ನೆಲದಲ್ಲಿ ಹಾಸಿ ಕೂರಲು, ಎಲ್ಲಕ್ಕೂ ಅದೇ.

ಮೊದಲ ದಿನ ಟೆಕ್ಸಾಸ್‌ನಲ್ಲೇ ಇರುವ ಫ್ರಿಸ್ಕೋದಲ್ಲಿ ಅವರ ಮಗನ ಮನೆಯಲ್ಲಿ ಉಳಿದೆವು. ಹೊಸ ಬಡಾವಣೆ, ಎಲ್ಲ ಮನೆಗಳೂ ಒಂದೇ ಥರ. ಆಂಟಿ ಪಕ್ಕದ ಮನೆಯ ಬೆಲ್ ಒತ್ತಿಬಿಟ್ಟಿದ್ದರು. “ಅಮ್ಮಾ, ಈ ವಯಸ್ಸಿನಾಗ ಗುಡ್ಡ ಹತ್ತೋದು ಯಾಕ ಬೇಕು? ಮೊಣಕಾಲು ಮೊದಲೇ ಸರಿ ಇಲ್ಲ” ಎಂದು ಮಗ ಹೇಳಿದ. ಆಂಟಿ ಇನ್ನೊಂದು ಚಪಾತಿ ಹಾಕಿಸಿಕೊಂಡರು. ಆರು ವರ್ಷದ ಮೊಮ್ಮಗಳು ನಾಯಿಯ ಕುತ್ತಿಗೆ ತಬ್ಬಿಕೊಂಡು ಕೂತಿದ್ದಳು. “ಬ್ಯಾಡ ಪುಟ್ಟಿ, ಕಡೀತದ” ಎಂದು ಆಂಟಿ ದೂರದಿಂದಲೇ ಕೂಗಿದರು. “ಶೀ ಈಸ್ ನೈಸ್, ಅಜ್ಜಿ” ಎಂದು ಮಗು ಅಲುಗಾಡಲಿಲ್ಲ.

ಮರುದಿನ, ಟೆಕ್ಸಾಸ್‌ನ ಬಯಲು ಮುಗಿಯುವುದೇ ಇಲ್ಲವೇನೋ ಅನ್ನಿಸುವ ಹೊತ್ತಿಗೆ, ಆಂಟಿ ತಾವಾಗಿಯೇ ಹೇಳಿದರು. ಏಳು ವರ್ಷದವರಿದ್ದಾಗ ಶಾಲೆಯಿಂದ ಬರುವಾಗ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್. ದಿನಾ ಅಪ್ಪ ಎತ್ತಿಕೊಂಡು ಹೋಗುತ್ತಿದ್ದರಂತೆ. “ಆ ನಾಯಿ ಮಾರಿ ನೆನಪಿಲ್ಲ ನೋಡು. ಆ ಕಂಪೌಂಡರನ ಮಾರಿ ಮಾತ್ರ ಇನ್ನೂ ನೆನಪದ.” ಹಿಂದಿನ ಸೀಟಿನಲ್ಲಿ ನಾಯಿ ಗೊರಕೆ ಹೊಡೆಯುತ್ತಿತ್ತು. ಆಂಟಿ ಆಗಾಗ ತಿರುಗಿ ನೋಡುತ್ತಿದ್ದರು.

ಬೆಟ್ಟಕ್ಕೆ ಹೋದ ಮೇಲೆ ನಮಗೆ ಬೇರೆ ತಾಪತ್ರಯ. ರಾಷ್ಟ್ರೀಯ ಉದ್ಯಾನಗಳ ಕಾಲುದಾರಿಗಳಲ್ಲಿ ನಾಯಿಗಳನ್ನು ಬಿಡುವುದಿಲ್ಲ. ಹಾಗಾಗಿ ಕ್ಯಾಲೆಂಡರುಗಳಲ್ಲಿ ಬರುವ ಪ್ರಸಿದ್ಧ ಜಾಗಗಳನ್ನೆಲ್ಲ ಬಿಟ್ಟು, ಅರಣ್ಯ ಇಲಾಖೆಯ ಮಣ್ಣುರಸ್ತೆಗಳಲ್ಲಿ ತಿರುಗುತ್ತಿದ್ದೆವು. “ನಿನ್ನ ನಾಯಿ ಸಲುವಾಗಿ ಎಲ್ಲಾ ಬಿಟ್ಟೀವಿ” ಎಂದು ಆಂಟಿ ದಿನಕ್ಕೊಮ್ಮೆ ಹೇಳುತ್ತಿದ್ದರು. ಆದರೆ ಯಾರೂ ಇಲ್ಲದ ಒಂದು ಕಣಿವೆಯಲ್ಲಿ ಟ್ರೈಪಾಡ್ ನಿಲ್ಲಿಸಿದ ಮೇಲೆ ಅವರಿಗೆ ಬೇರೆ ಯಾವ ಜಾಗವೂ ಬೇಕಿರಲಿಲ್ಲ. ಅವರ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಎರಡು ಗಂಟೆ ಕೂತು, ಮೋಡ ಸರಿದು, ಗಾಳಿ ನಿಂತು, ಒಂದು ಎಲೆಯೂ ಅಲುಗದಾಗ ಒಮ್ಮೆ ಒತ್ತುತ್ತಿದ್ದರು. ನಾನು ಅಷ್ಟು ಹೊತ್ತಿಗೆ ಒಂದು ರೋಲ್ ಮುಗಿಸಿರುತ್ತಿದ್ದೆ.

“ಅಷ್ಟ್ಯಾಕ ಒತ್ತಿ ಒತ್ತಿ ತಗೀತಿ? ಮೊದಲು ನೋಡು.”

“ನೋಡ್ತಾನೇ ಇದ್ದೀನಲ್ಲ ಆಂಟಿ.”

“ನೀ ಕ್ಯಾಮೆರಾದಾಗ ನೋಡ್ಲಿಕತ್ತಿ. ನಾ ಹೇಳೋದು ಕಣ್ಣಿನ್ಯಾಗ.”

ಬೆಟ್ಟ ಸೇರಿದ ನಾಲ್ಕನೆಯ ದಿನ ನಡೆದದ್ದಕ್ಕೆ ನಾನೇ ಕಾರಣ.

ಆಸ್ಪೆನ್ ಕಾಡಿನಲ್ಲಿ ಒಂದು ತೊರೆಯ ಪಕ್ಕ ಆಂಟಿ ಕೂತರು. ಕಾರು ಅಲ್ಲಿಂದ ಒಂದೂವರೆ ಮೈಲಿ ಕೆಳಗಿತ್ತು. ಮೇಲೆ ಇನ್ನಷ್ಟು ದೂರ ಹೋದರೆ, ಮರಗಳೆಲ್ಲ ಮುಗಿದ ಮೇಲೆ, ಒಂದು ಕೆರೆ ಇರುವುದು ನಕ್ಷೆಯಲ್ಲಿ ಕಾಣುತ್ತಿತ್ತು. ಮಧ್ಯಾಹ್ನದೊಳಗೆ ಬರುತ್ತೇನೆಂದು ಹೇಳಿ ನಾಯಿಯೊಂದಿಗೆ ಹತ್ತಿದೆ. ಕೆರೆಗೆ ಮುಂಚೆ ಒಂದು ದೊಡ್ಡ ಕಲ್ಲುರಾಶಿ. ಒಡೆದು ಉರುಳಿದ ಬಂಡೆಗಳು, ಅಂಚುಗಳು ಚೂಪು. ನನ್ನ ಕಾಲಲ್ಲಿ ಬೂಟು ಇತ್ತು. ನಾಯಿ ಎರಡು ಸಲ ನಿಂತು ನನ್ನ ಮುಖ ನೋಡಿತು. ನಾನು “ಬಾ ಮರಿ, ಬಾ” ಎಂದೆ. ಅದು ಬಂತು.

ಕೆರೆ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ನೀರು ಕದಲದೆ ಬೆಟ್ಟವಿಡೀ ಅದರಲ್ಲಿ ತಲೆಕೆಳಗಾಗಿ ನಿಂತಿತ್ತು. ನಾನು ಟ್ರೈಪಾಡ್ ಬಿಚ್ಚಿ ಕೆಲಸಕ್ಕೆ ತೊಡಗಿದೆ. ಮುಕ್ಕಾಲು ಗಂಟೆ ಕಳೆದಿರಬೇಕು. ಬೇರೆ ಕೋನಕ್ಕೆಂದು ಜಾಗ ಬದಲಿಸುವಾಗ ಕಲ್ಲಿನ ಮೇಲೆ ಕೆಂಪು ಗುರುತುಗಳು ಕಂಡವು. ಒಂದು, ಆಮೇಲೆ ಸಾಲಾಗಿ. ನಾಯಿ ಅಲ್ಲೇ ಕೂತು ಮುಂಗಾಲು ನೆಕ್ಕುತ್ತಿತ್ತು. ಎರಡೂ ಮುಂಗಾಲುಗಳ ಅಂಗಾಲು ಕಿತ್ತುಹೋಗಿತ್ತು. ಒಂದರಲ್ಲಿ ತೊಗಟೆಯ ಹಾಗೆ ಚರ್ಮ ಜೋತಾಡುತ್ತಿತ್ತು. ಅಷ್ಟು ಹೊತ್ತೂ ಅದು ಒಮ್ಮೆಯೂ ಕುಂಯ್ಗುಟ್ಟಿರಲಿಲ್ಲ. ಏಳಿಸಲು ನೋಡಿದೆ. ಎರಡು ಹೆಜ್ಜೆ ಇಟ್ಟು ಮಲಗಿಬಿಟ್ಟಿತು.

ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿತ್ತು. ಬೋಳು ಬೆಟ್ಟದ ಮೇಲೆ ಸಿಡಿಲಿನ ಹೊತ್ತಿಗೆ ಇರಬಾರದೆಂಬುದು ಅಲ್ಲಿ ತಿರುಗುವವರಿಗೆಲ್ಲ ಗೊತ್ತಿರುವ ವಿಷಯ. ಕ್ಯಾಮೆರಾ ಬ್ಯಾಗನ್ನೂ ನಾಯಿಯನ್ನೂ ಒಟ್ಟಿಗೆ ಹೊರುವುದು ಆಗದ ಮಾತು. ಆ ಬೆಳಗಿನ ರೋಲನ್ನು ಮಾತ್ರ ಜೇಬಿಗೆ ಹಾಕಿ, ಬ್ಯಾಗು ಟ್ರೈಪಾಡುಗಳನ್ನು ಒಂದು ಬಂಡೆಯ ಕೆಳಗೆ ತಳ್ಳಿದೆ. ಕುರಿ ಕಾಯುವವರು ಮರಿಯನ್ನು ಹೊರುವ ಹಾಗೆ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡೆ. ಕಲ್ಲುರಾಶಿ ದಾಟುವುದರೊಳಗೆ ಮೂರು ಸಲ ಬಿದ್ದೆ. ನಡೆಯುತ್ತಾ “ಸಾರಿ ಮರಿ, ಸಾರಿ” ಎಂದು ಹೇಳುತ್ತಲೇ ಇದ್ದೆ. ಅದು ನನ್ನ ಕಿವಿ ನೆಕ್ಕಿತು. ಆಗ ಅಳು ಬಂತು.

ನನ್ನನ್ನು ಕಂಡ ಕೂಡಲೇ ಆಂಟಿ ಎದ್ದು ನಿಂತರು. ನನ್ನ ಅಂಗಿಯ ಎದೆಯೆಲ್ಲ ರಕ್ತ.

“ಎಲ್ಲೆ ಪೆಟ್ಟಾಗೇದ ತಂಗಿ? ಎಲ್ಲೆ?”

“ನಂಗಲ್ಲ ಆಂಟಿ. ನಾಯಿಗೆ. ಕಾಲು.”

ಅವರ ದನಿಯೇ ಬದಲಾಯಿತು. ಆಸ್ಪತ್ರೆಯಲ್ಲಿ ಹಾಗೆ ಮಾತಾಡುತ್ತಿದ್ದರೇನೋ.

“ಕೆಳಗ ಇಡು. ಬಾಯಿ ಕಟ್ಟು ಮೊದಲು. ನೋವಾದಾಗ ಸಾಕಿದ ನಾಯಿನೂ ಕಡೀತದ.”

ಅವರು ಕೊಟ್ಟ ಸ್ಕಾರ್ಫಿನಿಂದ ಮೂತಿ ಕಟ್ಟಿದೆ. ಆಂಟಿ ಮೊಣಕಾಲೂರಿ ಕೂತರು. ಕೈ ಮುಂದೆ ಮಾಡಿದರು, ಹಿಂದಕ್ಕೆ ತೆಗೆದರು. ಮತ್ತೆ ಮುಂದೆ ಮಾಡಿ ಕಾಲು ಹಿಡಿದರು. ಬಾಟಲಿಯ ನೀರೆಲ್ಲ ಸುರಿದು ಮಣ್ಣು ತೊಳೆದರು, ಗಾಯದ ಮೇಲೆ ಮಸೂರ ಒರೆಸುವ ಬಟ್ಟೆ ಇಟ್ಟರು, ತಮ್ಮ ಉಣ್ಣೆಯ ಕಾಲುಚೀಲ ಬಿಚ್ಚಿ ಅದರ ಮೇಲೆ ತೊಡಿಸಿ, ಟೇಪು ಸುತ್ತಿದರು.

“ಹೊತ್ಕೊಂಡು ಎಷ್ಟು ದೂರ ಬಂದಿ?”

“ಕೆರೆಯಿಂದ.”

“ಇನ್ನ ನಿನಗ ಒಬ್ಬಾಕಿಗೆ ಆಗಂಗಿಲ್ಲ. ಆ ಸೀರಿ ತಾ.”

ಆಂಟಿಯ ಟ್ರೈಪಾಡನ್ನು ಮರದ ಬುಡದಲ್ಲೇ ಬಿಟ್ಟು, ಅವರ ಕ್ಯಾಮೆರಾ ಚೀಲವನ್ನು ನಾನು ಬೆನ್ನಿಗೆ ಹಾಕಿಕೊಂಡೆ. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನಾಯಿಯನ್ನು ನಡುವೆ ಮಲಗಿಸಿದೆವು. ಒಂದು ತುದಿ ನನ್ನ ಹೆಗಲಿಗೆ, ಇನ್ನೊಂದು ಆಂಟಿಯ ಹೆಗಲಿಗೆ. ಬೇಡವೆಂದರೂ ಕೇಳಲಿಲ್ಲ. ನೂರು ಹೆಜ್ಜೆ ಎಣಿಸಿ ಇಳಿಸುವುದು, ಮತ್ತೆ ಎತ್ತುವುದು. ಅವರು ಕನ್ನಡದಲ್ಲಿ ಜೋರಾಗಿ ಎಣಿಸುತ್ತಿದ್ದರು. ಅರ್ಧ ದಾರಿಯಲ್ಲಿ ಆಲಿಕಲ್ಲು ಶುರುವಾಯಿತು. ಒಂದು ದಟ್ಟ ಮರಗುಂಪಿನೊಳಗೆ ಮೂವರೂ ಮುದುಡಿ ಕೂತೆವು. ಗುಡುಗಿಗೆ ನಾಯಿ ತನ್ನ ತಲೆಯನ್ನು ಆಂಟಿಯ ಕಂಕುಳಿಗೆ ತೂರಿಸಿತು. ಅವರು ಮೈ ಬಿಗಿಹಿಡಿದು ಕೂತರು, ಆದರೆ ತಳ್ಳಲಿಲ್ಲ. “ಇದರ ಎದಿ ಭಾಳ ಜೋರ್ ಬಡ್ಕೊಳ್ಳಿಕತ್ತದ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನನ್ನದೂ” ಎಂದರು.

ಕೆಳಗಿನ ಊರಿನಲ್ಲಿ ಪ್ರಾಣಿವೈದ್ಯೆಯೊಬ್ಬರು ಬಾಗಿಲು ಹಾಕುವುದರಲ್ಲಿದ್ದರು, ನಮ್ಮ ಅವತಾರ ನೋಡಿ ತೆರೆದರು. ಹೊಲಿಗೆ ಹಾಕಲು ನಾಯಿಗೆ ಮತ್ತು ಬರುವ ಔಷಧಿ ಕೊಡಬೇಕಿತ್ತು. ಆಂಟಿ ಏನು ಔಷಧಿ, ಎಷ್ಟು ಎಂದು ವಿಚಾರಿಸಿ, ತಾವು ಯಾರೆಂದು ಹೇಳಿ, ಪಕ್ಕದಲ್ಲಿ ನಿಲ್ಲಬಹುದೇ ಎಂದು ಕೇಳಿದರು. ವೈದ್ಯೆ ನಕ್ಕು ಒಪ್ಪಿದರು. ಹೊಲಿಗೆ ಮುಗಿಯುವವರೆಗೂ ಆಂಟಿ ನಾಯಿಯ ಪಕ್ಕೆಯ ಮೇಲೆ ಅಂಗೈ ಇಟ್ಟು ಉಸಿರು ಎಣಿಸುತ್ತಾ ನಿಂತಿದ್ದರು. ನನ್ನನ್ನು ಹೊರಗೆ ಕೂರಿಸಿದ್ದರು. ಹೊರಗೆ ಬಂದವರು, “ಎಲ್ಲಾ ಬರೋಬರಿ ಅದ” ಎಂದಷ್ಟೇ ಹೇಳಿ, ಕುರ್ಚಿಯಲ್ಲಿ ಕೂತು ತಮ್ಮ ಮೊಣಕಾಲು ಒತ್ತಿಕೊಂಡರು. ಅದು ಊದಿತ್ತು.

ಮರುದಿನ ನಾಯಿಯನ್ನು ಮೋಟೆಲಿನಲ್ಲಿ ಆಂಟಿಯ ಬಳಿ ಬಿಟ್ಟು ಬ್ಯಾಗನ್ನೂ ಎರಡು ಟ್ರೈಪಾಡುಗಳನ್ನೂ ತರಲು ಹೋದೆ. ಕೆರೆಯ ಬಳಿಯ ಕಲ್ಲುಗಳ ಸಂದಿಯಲ್ಲಿ ಮಾರ್ಮಟ್ ಎಂಬ ದಪ್ಪನೆಯ, ಅಳಿಲಿನ ಜಾತಿಯ ಪ್ರಾಣಿಗಳಿರುತ್ತವೆ. ಅವಕ್ಕೆ ಉಪ್ಪೆಂದರೆ ಪ್ರಾಣ. ಬೆವರು ಹೀರಿದ್ದ ಬ್ಯಾಗಿನ ಪಟ್ಟಿಗಳನ್ನೂ ನನ್ನ ಟ್ರೈಪಾಡಿನ ಮೆತ್ತನೆಯ ಹಿಡಿಯನ್ನೂ ಚೂರೂ ಬಿಡದೆ ಕಡಿದು ಹಾಕಿದ್ದವು. ಕ್ಯಾಮೆರಾ ನೆನೆದು ಕೆಟ್ಟಿತ್ತು. ನನಗೆ ಅಂಥ ದುಃಖವೇನೂ ಆಗಲಿಲ್ಲ. ಹಿಂದಿರುಗಿ ಕೋಣೆಯ ಬಾಗಿಲು ತೆರೆದಾಗ ಆಂಟಿ ಹಾಸಿಗೆಯಲ್ಲಿ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದರು. ನಾಯಿ ಅವರ ಪಾದಕ್ಕೆ ಒರಗಿ ನೆಲದಲ್ಲಿ ಮಲಗಿತ್ತು.

“ಸಾವಕಾಶ ಬಾ. ಈಗಷ್ಟೇ ಕಣ್ಣು ಮುಚ್ಯಾಳ.”

ಹಿಂದಿನ ದಿನದವರೆಗೂ ನಾಯಿ ಅವರಿಗೆ ‘ಅದು’ ಆಗಿತ್ತು.

ಆಲಿಕಲ್ಲಿಗೆ ಎಲೆಗಳೆಲ್ಲ ಉದುರಿದ್ದವು. ಆಂಟಿಯ ರೋಲಿನಲ್ಲಿ ಇನ್ನೂ ಏಳು ಚಿತ್ರ ಬಾಕಿ ಇದ್ದರೂ ನಾವು ಮನೆಯ ದಾರಿ ಹಿಡಿದೆವು. ಎಲೆಗಳ ವಿಷಯ ಅವರು ಒಮ್ಮೆಯೂ ಎತ್ತಲಿಲ್ಲ. ನಾನೇ ಕ್ಷಮೆ ಕೇಳಿದೆ. “ಹೌದು, ತಪ್ಪು ನಿನ್ನದ” ಎಂದರು. “ಮುಂದ ನೋಡ್ಕೋ.” ಅಷ್ಟೇ.

ಹೂಸ್ಟನ್‌ಗೆ ಬಂದು ಜೇಬಿನಲ್ಲಿದ್ದ ರೋಲನ್ನು ತೊಳೆಸಿದೆ. ಅದರಲ್ಲೊಂದು ಚಿತ್ರ ನಾನು ಅದುವರೆಗೆ ತೆಗೆದ ಎಲ್ಲಕ್ಕಿಂತ ಚೆನ್ನಾಗಿತ್ತು. ಕೆರೆ, ಅದರೊಳಗಿನ ಬೆಟ್ಟ, ಮುಂದೆ ಒಂದು ಬಿಳಿಚಿದ ಬಂಡೆ. ಬಂಡೆಯ ಅಂಚಿನಲ್ಲಿ ಎರಡು ಸಣ್ಣ ಕಪ್ಪುಗೆಂಪು ಚುಕ್ಕಿಗಳು. ಗೊತ್ತಿಲ್ಲದವರು ಪಾಚಿ ಎಂದುಕೊಳ್ಳುತ್ತಾರೆ. ಸೈಪ್ರೆಸ್‌ಗೆ ಒಯ್ದು ಸ್ಲೈಡ್ ನೋಡಲು ಆಂಟಿ ಇಟ್ಟುಕೊಂಡಿದ್ದ ಲೈಟ್ ಬಾಕ್ಸಿನ ಮೇಲೆ ಇಟ್ಟೆ. ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

“ಚಲೋ ಬಂದದ” ಎಂದರು. ಆಮೇಲೆ ಆ ಚುಕ್ಕಿಗಳತ್ತ ಬೆರಳು ತೋರಿಸಿದರು. “ಇದು?”

“ಹೂಂ ಆಂಟಿ. ಕಣ್ಮುಂದೇನೇ ಇತ್ತು. ನೋಡ್ಲಿಲ್ಲ.”

“ಒಗೀಬ್ಯಾಡ. ಇಟ್ಕೋ” ಎಂದು ಸ್ಲೈಡನ್ನು ಕವರಿಗೆ ಹಾಕಿ ಕೊಟ್ಟರು. ನಾನು ಅದನ್ನು ಗೋಡೆಗೆ ಹಾಕಲಿಲ್ಲ, ಯಾವ ಪ್ರದರ್ಶನಕ್ಕೂ ಕಳಿಸಲಿಲ್ಲ. ಈಗಲೂ ನನ್ನ ಬಳಿ ಇದೆ.

ಆ ಚಳಿಗಾಲದಲ್ಲಿ ಆಂಟಿಯ ಮೊಣಕಾಲಿಗೆ ಆಪರೇಷನ್ ಆಯಿತು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರೂ ಅವರು ನಡೆಯುತ್ತಿರಲಿಲ್ಲವಂತೆ. ಅಂಕಲ್ ಫೋನ್ ಮಾಡಿದರು. “ನನ್ನ ಮಾತು ಕೇಳವಲ್ಲಳು. ಆ ನಾಯೀನ ಕರ್ಕೊಂಡು ಬರ್ತಿಯೇನವ್ವಾ?” ಪ್ರತಿ ಶನಿವಾರ ಕ್ಲಿಯರ್ ಲೇಕ್‌ನಿಂದ ಊರಿಡೀ ದಾಟಿ ನಾಯಿಯೊಂದಿಗೆ ಅವರಲ್ಲಿಗೆ ಹೋದೆ. ಮೊದಲ ವಾರ ನಾಯಿ ಹಿಂಬದಿಯ ವರಾಂಡದಲ್ಲಿ, ಎರಡನೆಯ ವಾರ ಅಡುಗೆಮನೆಯ ಹೊಸ್ತಿಲಲ್ಲಿ, ಮೂರನೆಯ ವಾರ ಸೋಫಾದ ಪಕ್ಕ. ಆಂಟಿ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹಗ್ಗ ಹಿಡಿದು ಬಡಾವಣೆಯ ಕೊಳದ ಸುತ್ತ ನಡೆಯುತ್ತಿದ್ದರು. ಅಂಗಾಲಿನ ಗಾಯ ಪೂರ್ತಿ ಮಾಗಿದ್ದರೂ ನಾಯಿ ಅವರ ಜೊತೆ ನಡೆಯುವಾಗ ಎಳೆದಾಡದೆ ಹೆಜ್ಜೆ ನಿಧಾನ ಮಾಡುತ್ತಿತ್ತು. ಬೆಂಚು ಸಿಕ್ಕಿದಲ್ಲಿ ಇಬ್ಬರೂ ಕೂರುತ್ತಿದ್ದರು, ಕೊಕ್ಕರೆಗಳನ್ನು ನೋಡುತ್ತಿದ್ದರು. ಮಾರ್ಚ್ ಹೊತ್ತಿಗೆ ಊರುಗೋಲು ಬೇಕಾಗಲಿಲ್ಲ. ಒಂದು ಶನಿವಾರ ಒಳಗೆ ಹೋದಾಗ ಊಟದ ಮೇಜಿನ ಮೇಲೆ ನ್ಯೂ ಮೆಕ್ಸಿಕೋದ ನಕ್ಷೆ ಹರಡಿತ್ತು. ಆಂಟಿ ಪೆನ್ಸಿಲಿನಿಂದ ಕಲ್ಲಿಲ್ಲದ ದಾರಿಗಳನ್ನು ಗುರುತು ಹಾಕುತ್ತಿದ್ದರು.